ಮೊಣಕಾಲು ಗಡ್ಡೆಯ ರಿಪೋರ್ಟಿನಲ್ಲಿ "ಸ್ಯಾಟ್‌ಬಿ2 ಪಾಸಿಟಿವ್" ಅಂತ ಬಂದಿದೆ, ಯಾರಾದರೂ ಅರ್ಥ ಹೇಳ್ತೀರಾ?

ಜಗಳೂರಿನ ಅಕ್ಕ
ಸೋಮವಾರ, ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 24 ವರ್ಷ. ಆರು ತಿಂಗಳಿಂದ ಬಲ ಮೊಣಕಾಲು ನೋವು. ವಾಲಿಬಾಲ್ ಆಡುವಾಗ ಉಳುಕಿರಬೇಕು ಅಂದುಕೊಂಡೆವು. ಎಲುಬು ಕೂರಿಸುವವರ ಹತ್ತಿರ ಎರಡು ಸಲ ಎಣ್ಣೆ ತಿಕ್ಕಿಸಿ, ಪಟ್ಟು ಹಾಕಿಸಿದೆವು. ಊತ ಇಳಿಯಲಿಲ್ಲ. ರಾತ್ರಿ ಮಗ್ಗಲು ಬದಲಿಸಿದರೂ ಎಚ್ಚರ ಆಗುತ್ತಿತ್ತು ಅವನಿಗೆ.

ಕೊನೆಗೆ ದಾವಣಗೆರೆಗೆ ಕರ್ಕೊಂಡು ಹೋದೆವು. ಎಕ್ಸ್‌ರೇಯಲ್ಲಿ ತೊಡೆ ಎಲುಬಿನ ಕೆಳತುದಿ ಒಳಗೇ ಟೊಳ್ಳಾದ ಹಾಗೆ ಕಾಣುತ್ತದೆ. ಸೂಜಿ ಬಯಾಪ್ಸಿ ಮಾಡಿದರು. ಇವತ್ತು ರಿಪೋರ್ಟ್ ಕೈಗೆ ಬಂತು. ಅದರಲ್ಲಿ ಇರುವುದು ಇಷ್ಟು:

ದೈತ್ಯ ಕೋಶಗಳು ಜಾಸ್ತಿ ಇರುವ ಗಡ್ಡೆ. ಸ್ಯಾಟ್‌ಬಿ2 ಪಾಸಿಟಿವ್. ಎಸ್100 ನೆಗೆಟಿವ್. ಸೈಟೋಕೆರಾಟಿನ್ ನೆಗೆಟಿವ್. ಕಿ-67 ಶೇಕಡಾ 15. ಎಕ್ಸ್‌ರೇ ಮತ್ತು ರೋಗಿಯ ವಿವರದ ಜೊತೆ ತಾಳೆ ನೋಡಬೇಕು.

ಬಸ್ಸಲ್ಲಿ ಬರುವಾಗ ನಾನು ಮೊಬೈಲಲ್ಲಿ ಸ್ಯಾಟ್‌ಬಿ2 ಅಂತ ಹುಡುಕಿದೆ. ಎಲ್ಲಿ ನೋಡಿದರೂ ಆಸ್ಟಿಯೋಸಾರ್ಕೋಮಾ, ಎಲುಬಿನ ಕ್ಯಾನ್ಸರ್ ಅಂತಲೇ ಇದೆ. ಅಮ್ಮನಿಗೆ ಹೇಳಿಲ್ಲ. ಆದರೆ ನನ್ನ ಮುಖ ನೋಡಿಯೇ ಊಟ ಬಿಟ್ಟಿದ್ದಾರೆ. ಡಾಕ್ಟರ್ ಗುರುವಾರ ಸಿಗುತ್ತಾರೆ. ಅಲ್ಲಿವರೆಗೂ ಹೇಗೆ ಇರೋದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಪಿ.ಬಿ. ರಸ್ತೆ
ರಾತ್ರಿ 11:05

ಅಕ್ಕ, ಇಲ್ಲಿ ಪ್ಯಾಥಾಲಜಿ ಓದುವವರು, ಲ್ಯಾಬಿನವರು ಇದ್ದಾರೆ. ಅವರು ನೋಡುವವರೆಗೆ ಮೊಬೈಲಲ್ಲಿ ಹುಡುಕಬೇಡಿ. ಅಮ್ಮನಿಗೆ ಏನಾದರೂ ತಿನ್ನಿಸಿ ಮೊದಲು.

ಪ್ಯಾಥಾಲಜಿ ಪಿಜಿ, ದಾವಣಗೆರೆ
ರಾತ್ರಿ 11:48

ಅಕ್ಕ, ಡ್ಯೂಟಿ ಮುಗಿಸಿ ಈಗ ನೋಡಿದೆ. ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಸ್ಯಾಟ್‌ಬಿ2 ಕ್ಯಾನ್ಸರಿನ ಗುರುತಲ್ಲ. ಅದು ಎಲುಬು ಕಟ್ಟುವ ಕೋಶದ ಗುರುತು.

ನಮ್ಮ ಎಲುಬಿನಲ್ಲಿ ಹೊಸ ಎಲುಬು ಕಟ್ಟುವ ಕೋಶಗಳಿವೆ. ಆಸ್ಟಿಯೋಬ್ಲಾಸ್ಟ್ ಅನ್ನುತ್ತಾರೆ. ಅವುಗಳ ನ್ಯೂಕ್ಲಿಯಸ್ಸಿನಲ್ಲಿ ಸ್ಯಾಟ್‌ಬಿ2 ಅನ್ನೋ ಪ್ರೋಟೀನ್ ಇರುತ್ತದೆ. ಕೈ ಮುರಿದು ಕೂಡಿಕೊಳ್ಳುವ ಜಾಗದಿಂದ ಒಂದು ಚೂರು ತೆಗೆದು ಬಣ್ಣ ಹಾಕಿದರೆ ಅಲ್ಲೂ ಪಾಸಿಟಿವ್ ಬರುತ್ತದೆ. ಆಸ್ಟಿಯಾಯ್ಡ್ ಆಸ್ಟಿಯೋಮಾ, ಫೈಬ್ರಸ್ ಡಿಸ್ಪ್ಲೇಸಿಯಾ ಅಂತ ಸಾಧು, ಅಂದರೆ ಕ್ಯಾನ್ಸರ್ ಅಲ್ಲದ, ಗಡ್ಡೆಗಳಿವೆ, ಅವುಗಳಲ್ಲೂ ಬರುತ್ತದೆ. ಅಷ್ಟೇ ಯಾಕೆ, ದೊಡ್ಡ ಕರುಳಿನ ಗಡ್ಡೆಯಲ್ಲೂ ಬರುತ್ತದೆ. ಹಾಗಾಗಿ ಈ ಒಂದು ಸಾಲು ಇಟ್ಟುಕೊಂಡು ಯಾರೂ ಆಸ್ಟಿಯೋಸಾರ್ಕೋಮಾ ಅನ್ನಲ್ಲ. ಆಸ್ಟಿಯೋಸಾರ್ಕೋಮಾ ಅನ್ನಬೇಕಾದರೆ ಕೆಟ್ಟ ರೂಪದ ಕೋಶಗಳು ತಾವೇ ಎಲುಬಿನ ಹಸಿ ಪದಾರ್ಥ ಸುರಿಸುತ್ತಿರುವುದು ಮಾಮೂಲಿ ಬಣ್ಣದ ಸ್ಲೈಡಿನಲ್ಲೇ ಕಾಣಬೇಕು. ಗುಲಾಬಿ ಬಣ್ಣದ ಜಾಲರಿ ತರ ಇರುತ್ತದೆ ಅದು. ನಿಮ್ಮ ರಿಪೋರ್ಟಿನಲ್ಲಿ ಆ ಮಾತೇ ಬರೆದಿಲ್ಲ.

ಬರೆದಿರುವುದು "ದೈತ್ಯ ಕೋಶಗಳು ಜಾಸ್ತಿ" ಅಂತ. ಹಲವು ನ್ಯೂಕ್ಲಿಯಸ್ ಇರುವ ದೊಡ್ಡ ಕೋಶಗಳು ಅವು. 24 ವರ್ಷ, ಮೊಣಕಾಲ ಹತ್ತಿರ ತೊಡೆ ಎಲುಬಿನ ತುದಿ, ದೈತ್ಯ ಕೋಶ. ಇಷ್ಟು ಸೇರಿದರೆ ನಮ್ಮ ತಲೆಗೆ ಮೊದಲು ಬರುವ ಹೆಸರು ಜೈಂಟ್ ಸೆಲ್ ಟ್ಯೂಮರ್. 20ರಿಂದ 40 ವಯಸ್ಸಿನವರಲ್ಲಿ ಜಾಸ್ತಿ. ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಆದರೆ ಎಲುಬು ತಿನ್ನುತ್ತದೆ, ಬಿಟ್ಟರೆ ಮುರಿಯುತ್ತದೆ. ಇದರಲ್ಲೂ ಸ್ಯಾಟ್‌ಬಿ2 ಪಾಸಿಟಿವ್ ಬರುವುದು ಮಾಮೂಲು.

ಹಾಗಂತ ಇದೇ ಅಂತ ನಾನು ಇಲ್ಲಿ ಕೂತು ಹೇಳಬಾರದು. ಇನ್ನೂ ಎರಡು ಸಾಧ್ಯತೆ ತೆಗೆದುಹಾಕಬೇಕು. ಒಂದು, ದೈತ್ಯ ಕೋಶ ತುಂಬಿರುವ ಆಸ್ಟಿಯೋಸಾರ್ಕೋಮಾ. ಅಪರೂಪ, ಆದರೆ ಇದೆ. ಇನ್ನೊಂದು ಬ್ರೌನ್ ಟ್ಯೂಮರ್. ಇದು ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿ ಜಾಸ್ತಿ ಕೆಲಸ ಮಾಡಿದರೆ ಆಗುವಂಥದ್ದು. ಸ್ಲೈಡಿನಲ್ಲಿ ಜೈಂಟ್ ಸೆಲ್ ಟ್ಯೂಮರಿನ ತದ್ರೂಪ. ಅದಕ್ಕೆ ಗುರುವಾರ ಡಾಕ್ಟರನ್ನು ಎರಡು ವಿಷಯ ಕೇಳಿ. ರಕ್ತದಲ್ಲಿ ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್ ನೋಡಿದ್ದೀರಾ? ಬಯಾಪ್ಸಿ ಚೂರು ಮೇಣದಲ್ಲಿ ಕೂರಿಸಿದ ಬ್ಲಾಕ್ ಮೇಲೆ ಎಚ್3.3 ಜಿ34ಡಬ್ಲ್ಯೂ ಅನ್ನೋ ಮಾರ್ಕರ್ ಹಾಕಿಸಬಹುದಾ? ಈ ಎರಡನೆಯದು ಜೈಂಟ್ ಸೆಲ್ ಟ್ಯೂಮರಿಗೇ ಸರಿಸುಮಾರು ಮೀಸಲಾದ ಗುರುತು. ನಾಳೆ ಬಿಡಿಸಿ ಬರೆಯುತ್ತೇನೆ.

ಕಿ-67 ಅಂದರೆ ಎಷ್ಟು ಕೋಶ ಒಂದು ಎರಡಾಗಿ ಒಡೆಯುವ ತಯಾರಿಯಲ್ಲಿವೆ ಅನ್ನೋ ಲೆಕ್ಕ. ಜೈಂಟ್ ಸೆಲ್ ಟ್ಯೂಮರಿನಲ್ಲೂ ಅದು ಒಂದಿಷ್ಟು ಇರುತ್ತದೆ. 15 ನೋಡಿ ಹೆದರಬೇಡಿ.

ಜಗಳೂರಿನ ಅಕ್ಕ
ರಾತ್ರಿ 12:10

ಡಾಕ್ಟರ್, ನಿಮ್ಮ ಮಾತನ್ನು ಮೂರು ಸಲ ಓದಿದೆ. ಅಮ್ಮ ಮಜ್ಜಿಗೆ ಅನ್ನ ತಿಂದರು. ಸೈಟೋಕೆರಾಟಿನ್ ನೆಗೆಟಿವ್, ಎಸ್100 ನೆಗೆಟಿವ್ ಅಂದರೆ ಒಳ್ಳೇದಾ ಕೆಟ್ಟದ್ದಾ?

ಪ್ಯಾಥಾಲಜಿ ಪಿಜಿ, ದಾವಣಗೆರೆ
ರಾತ್ರಿ 12:16

ಒಳ್ಳೇದು ಕೆಟ್ಟದ್ದು ಅಂತ ಅಲ್ಲ. "ಇವನಲ್ಲ" ಅಂತ ಒಬ್ಬೊಬ್ಬರನ್ನೇ ಸಾಲಿನಿಂದ ತೆಗೆಯುವುದು. ಸೈಟೋಕೆರಾಟಿನ್ ಬಂದಿದ್ದರೆ ಶ್ವಾಸಕೋಶ, ಸ್ತನ, ಕಿಡ್ನಿ ಇಂಥ ಕಡೆಯಿಂದ ಎಲುಬಿಗೆ ಬಂದಿದೆಯಾ ಅಂತ ಯೋಚಿಸಬೇಕಿತ್ತು. ಎಸ್100 ಬಂದಿದ್ದರೆ ಮೃದ್ವಸ್ಥಿ, ಅಂದರೆ ಮೆತ್ತೆಲುಬಿನ (ಕಾರ್ಟಿಲೇಜ್) ಕಡೆ ನೋಡಬೇಕಿತ್ತು. ಮಲಗಿ ಈಗ.

ಲ್ಯಾಬ್ ಮಾವ, ಚಿತ್ರದುರ್ಗ
ಮಂಗಳವಾರ, ಬೆಳಗ್ಗೆ 6:30

26 ವರ್ಷದಿಂದ ಹಿಸ್ಟೋಪ್ಯಾಥಾಲಜಿ ಲ್ಯಾಬಿನಲ್ಲಿ ಎಲುಬು ಕತ್ತರಿಸುವವನು ನಾನು. ಡಾಕ್ಟರಮ್ಮ ಹೇಳಿದ್ದು ಸರಿ. ಆದರೆ ಮಾರ್ಕರ್ ಅನ್ನೋದು ಸ್ಲೈಡಿನಲ್ಲಿ ಶುರುವಾಗಲ್ಲ, ಚೂರು ಡಬ್ಬಿಗೆ ಬಿದ್ದ ಗಳಿಗೆಯಲ್ಲೇ ಶುರು. ಇದನ್ನು ಹೇಳುವವರು ಕಮ್ಮಿ, ಅದಕ್ಕೆ ಬರೆಯುತ್ತಿದ್ದೇನೆ.

ಬಯಾಪ್ಸಿ ಚೂರು ಮೊದಲು ಶೇಕಡಾ 10ರ ಫಾರ್ಮಲಿನ್‌ಗೆ ಹೋಗಬೇಕು. ಎಲುಬು ಗಟ್ಟಿ, ಬ್ಲೇಡಿಗೆ ಸಿಗಲ್ಲ. ಅದರೊಳಗಿನ ಸುಣ್ಣ ಕರಗಿಸಬೇಕು. ಇದಕ್ಕೆ ಎರಡು ದಾರಿ. ನೈಟ್ರಿಕ್ ಆಸಿಡ್ ತರದ ಜೋರಾದ ಆಸಿಡ್ಡು ಬೇಗ ಕರಗಿಸುತ್ತದೆ. ಇಡಿಟಿಎ ಅನ್ನೋದು ನಿಧಾನ, ದಿನಗಟ್ಟಲೆ, ದೊಡ್ಡ ಚೂರಾದರೆ ವಾರಗಟ್ಟಲೆ. ಆಸಿಡ್ಡಿನಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಸುಣ್ಣದ ಜೊತೆ ಪ್ರೋಟೀನೂ ಹಾಳು, ಡಿಎನ್ಎಯೂ ಹಾಳು. ಆಮೇಲೆ ಪ್ರೋಟೀನ್ ಹುಡುಕಿ ಅಂಟುವ ಆ್ಯಂಟಿಬಾಡಿ ಎಷ್ಟೇ ದುಬಾರಿಯದು ಹಾಕಿದರೂ ಸ್ಲೈಡು ನೀಲಿಯಾಗೇ ಉಳಿಯುತ್ತದೆ. ರಿಪೋರ್ಟಿನಲ್ಲಿ "ನೆಗೆಟಿವ್" ಅಂತ ಬರುತ್ತದೆ. ಅದು ಇಲ್ಲದ್ದಕ್ಕೆ ನೆಗೆಟಿವ್ ಅಲ್ಲ, ಸುಟ್ಟದ್ದಕ್ಕೆ ನೆಗೆಟಿವ್.

ನಾನು ಮಾಡುವುದು ಹೀಗೆ. ಚೂರು ಬಂದ ತಕ್ಷಣ ಬೆರಳಿನಲ್ಲಿ ಒತ್ತಿ ನೋಡುತ್ತೇನೆ. ಗಡ್ಡೆಯಲ್ಲಿ ಯಾವಾಗಲೂ ಒಂದಿಷ್ಟು ಮೆತ್ತಗಿನ ಭಾಗ ಇರುತ್ತದೆ, ನೆನೆಸಿದ ಹುಣಸೆಹಣ್ಣಿನ ತರ. ಅದನ್ನು ಬೇರೆ ಕ್ಯಾಸೆಟ್ಟಿಗೆ (ಚೂರು ಇಡುವ ಪುಟ್ಟ ಡಬ್ಬಿ) ಹಾಕಿ ಆಸಿಡ್ ತೋರಿಸದೆ ಬ್ಲಾಕ್ ಮಾಡುತ್ತೇನೆ. ಮಾರ್ಕರ್ ಬೇಕಾದರೆ ಅದೇ ಬ್ಲಾಕು. ಗಟ್ಟಿ ಭಾಗ ಇನ್ನೊಂದು ಕ್ಯಾಸೆಟ್ಟು. ಅದನ್ನು ದಿನಾ ತೆಗೆದು ಬಗ್ಗಿಸಿ ನೋಡುವುದು. ರಬ್ಬರ್ ತರ ಬಗ್ಗಿದರೆ ಸಾಕು, ಅಲ್ಲಿಗೆ ನಿಲ್ಲಿಸಬೇಕು.

ಆಮೇಲೆ ಮೂರು ನಾಲ್ಕು ಮೈಕ್ರಾನ್ ದಪ್ಪದ ಪದರ. ಈರುಳ್ಳಿ ಸಿಪ್ಪೆಯ ಒಳಪೊರೆಗಿಂತಲೂ ತೆಳು. ಬಿಸಿ ದ್ರಾವಣದಲ್ಲಿ ಕುದಿಸುವಾಗ ಎಲುಬಿನ ಪದರ ಗಾಜಿನಿಂದ ಎದ್ದು ತೇಲಿಹೋಗುತ್ತದೆ. ಎಷ್ಟು ಸಲ ಹಾಗಾಗಿದೆಯೋ ಲೆಕ್ಕವಿಲ್ಲ. ಅದಕ್ಕೇ ಪದರ ಹಿಡಿದುಕೊಳ್ಳುವ, ವಿದ್ಯುತ್ ಚಾರ್ಜ್ ಇರುವ ಸ್ಲೈಡೇ ಬೇಕು. ಆಮೇಲೆ ಆ್ಯಂಟಿಬಾಡಿ, ಅದರ ಮೇಲೆ ಇನ್ನೊಂದು ಆ್ಯಂಟಿಬಾಡಿ, ಕೊನೆಗೆ ಡ್ಯಾಬ್ ಅನ್ನೋ ಬಣ್ಣ ಬರಿಸುವ ರಾಸಾಯನಿಕ. ಪ್ರೋಟೀನ್ ಇದ್ದ ಕಡೆ ಕಂದು ಬಣ್ಣ ಏಳುತ್ತದೆ, ಉಳಿದದ್ದು ನೀಲಿ.

ಜಗಳೂರಿನ ತಂಗಿ, ನೀನು ಕೇಳಬೇಕಾದ್ದು ಒಂದೇ. "ಸುಣ್ಣ ಕರಗಿಸಿದ್ದು ಯಾವುದರಲ್ಲಿ, ಮೆತ್ತಗಿನ ಬ್ಲಾಕ್ ಬೇರೆ ಇದೆಯಾ?"

ಪ್ಯಾಥಾಲಜಿ ಪಿಜಿ, ದಾವಣಗೆರೆ
ಬೆಳಗ್ಗೆ 7:15

ಮಾವ ಬರೆದದ್ದನ್ನು ನಮ್ಮ ಜೂನಿಯರ್‌ಗಳಿಗೆಲ್ಲ ಕಳಿಸಿದೆ. "ಸುಟ್ಟದ್ದಕ್ಕೆ ನೆಗೆಟಿವ್" ಅನ್ನೋದು ನಿಜವಾದ ತೊಂದರೆ. ಅದಕ್ಕೇ ನಾವು ಒಳಗಿನ ಸಾಕ್ಷಿ ನೋಡುತ್ತೇವೆ. ಉದಾಹರಣೆಗೆ ಎಸ್100 ನೆಗೆಟಿವ್ ಅನ್ನುವ ಮೊದಲು ಅದೇ ಚೂರಿನಲ್ಲಿ ನರದ ಎಳೆಯೋ ಕೊಬ್ಬಿನ ಕೋಶವೋ ಇದ್ದರೆ ಅದು ಕಂದಾಗಿದೆಯಾ ನೋಡಬೇಕು. ಅದೂ ಆಗಿಲ್ಲ ಅಂದರೆ ಪರೀಕ್ಷೆಯೇ ಕೆಲಸ ಮಾಡಿಲ್ಲ.

ಚಳ್ಳಕೆರೆ ಮಗ
ಬೆಳಗ್ಗೆ 9:40

ಅಕ್ಕನ ಥ್ರೆಡ್ಡಿನಲ್ಲಿ ನನ್ನದೂ ಕೇಳುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನಮ್ಮ ತಾಯಿಗೆ 56. ಸೊಂಟದ ಎಲುಬಿನಲ್ಲಿ ಗಡ್ಡೆ. ಒಂದು ವರ್ಷದಿಂದ ನೋವು, ವಾಯು ಅಂತ ಮಾತ್ರೆ ತಿನ್ನುತ್ತಿದ್ದರು. ರಿಪೋರ್ಟಿನಲ್ಲಿ "ಮೃದ್ವಸ್ಥಿಯ ಗಡ್ಡೆ, ಎಸ್100 ಪಾಸಿಟಿವ್" ಅಂತ ಇದೆ. ಇದು ಸಾಧು ಗಡ್ಡೆ ಎನ್‌ಕಾಂಡ್ರೋಮಾನಾ, ಕ್ಯಾನ್ಸರ್ ಆದ ಕಾಂಡ್ರೋಸಾರ್ಕೋಮಾನಾ ಅಂತ ಖಚಿತ ಹೇಳಿಲ್ಲ. ಇನ್ನೊಂದು ಮಾರ್ಕರ್ ಹಾಕಿಸಿದರೆ ಗೊತ್ತಾಗುತ್ತಾ? ದುಡ್ಡು ಎಷ್ಟಾದರೂ ಹೊಂದಿಸುತ್ತೇನೆ.

ಪ್ಯಾಥಾಲಜಿ ಪಿಜಿ, ದಾವಣಗೆರೆ
ಮಧ್ಯಾಹ್ನ 1:20

ಅಣ್ಣ, ನೇರವಾಗಿ ಹೇಳುತ್ತೇನೆ. ಆ ಎರಡನ್ನೂ ಬೇರೆ ಮಾಡುವ ಮಾರ್ಕರ್ ಇಲ್ಲ. ದುಡ್ಡು ಖರ್ಚು ಮಾಡಬೇಡಿ ಅದಕ್ಕೆ.

ಎಸ್100 ಮೃದ್ವಸ್ಥಿ ಕೋಶದಲ್ಲಿ ಇರುತ್ತದೆ. ಸಾಧು ಗಡ್ಡೆಯ ಕೋಶದಲ್ಲೂ ಇರುತ್ತದೆ, ಕ್ಯಾನ್ಸರ್ ಕೋಶದಲ್ಲೂ ಇರುತ್ತದೆ. ಸಾಕ್ಸ್9 ಅಂತ ಇನ್ನೊಂದಿದೆ, ಮೃದ್ವಸ್ಥಿ ಹುಟ್ಟುವುದಕ್ಕೇ ಮೂಲ ಅದು. ಅದರದೂ ಇದೇ ಕತೆ. ಇವು ಜಾತಿ ಹೇಳುತ್ತವೆ, ಗುಣ ಹೇಳಲ್ಲ.

ಐಡಿಎಚ್ ಅನ್ನೋ ಜೀನಿನ ಬದಲಾವಣೆ ಎಲುಬಿನ ಒಳಗೆ ಹುಟ್ಟುವ ಮೃದ್ವಸ್ಥಿ ಗಡ್ಡೆಗಳ ಸುಮಾರು ಅರ್ಧದಲ್ಲಿ ಸಿಗುತ್ತದೆ. ಅದೂ ಸಾಧುವಿನಲ್ಲೂ ಇದೆ, ಕೆಟ್ಟದ್ದರಲ್ಲೂ ಇದೆ. ಇನ್ನೊಂದು ಸಂಗತಿ. ಮಿದುಳಿನ ಗಡ್ಡೆಗೆ ಬಳಸುವ ಐಡಿಎಚ್1 ಆರ್132ಎಚ್ ಆ್ಯಂಟಿಬಾಡಿ ಎಲ್ಲಾ ಕಡೆ ಸಿಗುತ್ತದೆ. ಆದರೆ ಮೃದ್ವಸ್ಥಿ ಗಡ್ಡೆಯಲ್ಲಿ ಜಾಸ್ತಿ ಇರುವುದು ಆರ್132ಸಿ ಅನ್ನೋ ಇನ್ನೊಂದು ಬದಲಾವಣೆ. ಆ ಆ್ಯಂಟಿಬಾಡಿಗೆ ಅದು ಕಾಣಿಸಲ್ಲ. ಯಾರಾದರೂ ಅದನ್ನು ಹಾಕಿ ನೆಗೆಟಿವ್ ಅಂದರೆ ನಂಬಿ ಕೂರಬೇಡಿ.

ಹಾಗಾದರೆ ತೀರ್ಮಾನ ಹೇಗೆ? ಇಲ್ಲಿ ನಮಗಿಂತ ಎಲುಬು ಡಾಕ್ಟರು, ರೇಡಿಯಾಲಜಿಯವರ ಮಾತಿಗೆ ತೂಕ ಜಾಸ್ತಿ.

ಎಲುಬು ಡಾಕ್ಟರ್
ಮಂಗಳವಾರ, ರಾತ್ರಿ 9:05

ಚಳ್ಳಕೆರೆಯವರಿಗೆ. ಅದೇ ಗಡ್ಡೆ ಕೈಬೆರಳಿನ ಎಲುಬಿನಲ್ಲಿ ಇದ್ದಿದ್ದರೆ, ಸ್ಲೈಡಿನಲ್ಲಿ ಕೋಶ ಸ್ವಲ್ಪ ಒರಟಾಗಿ ಕಂಡರೂ ನಾವು ಸಾಮಾನ್ಯವಾಗಿ ಎನ್‌ಕಾಂಡ್ರೋಮಾ ಅಂತಲೇ ಯೋಚಿಸುತ್ತೇವೆ. ಸೊಂಟದ ಎಲುಬಿನಲ್ಲಿ, 56 ವಯಸ್ಸಿನಲ್ಲಿ, ಏಟು ಬೀಳದೆ ವರ್ಷವಿಡೀ ನೋವು ಅಂದರೆ ಸ್ಲೈಡು ಎಷ್ಟೇ ಸೌಮ್ಯ ಕಂಡರೂ ನಾನು ಕಾಂಡ್ರೋಸಾರ್ಕೋಮಾ ಅಂತಲೇ ಎಚ್ಚರ ವಹಿಸುತ್ತೇನೆ. ಎಂಆರ್‌ಐ, ಸಿಟಿಯಲ್ಲಿ ನೋಡಬೇಕಾದ್ದು ಎಲುಬಿನ ಒಳಗೋಡೆ ಎಷ್ಟು ಕೊರೆದಿದೆ, ಗೋಡೆ ದಾಟಿ ಮಾಂಸಕ್ಕೆ ಬಂದಿದೆಯಾ ಅನ್ನೋದು. ಮಾಮೂಲಿ ಕಾಂಡ್ರೋಸಾರ್ಕೋಮಾ ಕಿಮೋಗೂ ರೇಡಿಯೇಷನ್‌ಗೂ ಅಷ್ಟಾಗಿ ಬಗ್ಗಲ್ಲ. ಪೂರ್ತಿಯಾಗಿ ಆಪರೇಷನ್ ಮಾಡಿ ತೆಗೆಯುವುದೇ ಮುಖ್ಯ. ಹಾಗಾಗಿ ಮಾರ್ಕರ್ ಹುಡುಕುತ್ತಾ ತಿಂಗಳು ಕಳೆಯಬೇಡಿ. ಸೊಂಟದ ಗಡ್ಡೆ ಆಪರೇಷನ್ ಮಾಡುವ ತಂಡ ಇರುವ ಕಡೆ ಹೋಗಿ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಸಂಸ್ಥೆ, ಅಲ್ಲೂ ತೋರಿಸಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಇರುತ್ತಾರೆ, ಮೊದಲ ದಿನವೇ ಅವರನ್ನು ಕಾಣಿ.

ಜಗಳೂರಿನವರಿಗೆ ಎರಡು ಮಾತು. ಒಂದು, ಇನ್ನು ಮೇಲೆ ಎಣ್ಣೆ ತಿಕ್ಕುವುದು, ಪಟ್ಟು ಹಾಕುವುದು ಬೇಡವೇ ಬೇಡ. ಒಳಗೆ ಟೊಳ್ಳಾದ ಎಲುಬು ತಿಕ್ಕುವಾಗಲೇ ಮುರಿಯಬಹುದು. ತಮ್ಮನಿಗೆ ಊರುಗೋಲು ಕೊಡಿ, ಆ ಕಾಲಿನ ಮೇಲೆ ಭಾರ ಹಾಕದೆ ಇರಲಿ. ಎರಡು, ಇನ್ನೊಮ್ಮೆ ಬಯಾಪ್ಸಿ ಬೇಕು ಅಂದರೆ ಮುಂದೆ ಆಪರೇಷನ್ ಮಾಡುವವರೇ ಅದನ್ನು ಮಾಡಲಿ. ಸೂಜಿ ಹೋದ ದಾರಿಯಲ್ಲಿ ಗಡ್ಡೆಯ ಕೋಶ ಉಳಿಯಬಹುದು. ಆ ದಾರಿಯನ್ನೂ ಸೇರಿಸಿ ತೆಗೆಯುವ ಹಾಗೆ ಜಾಗ ಆರಿಸಬೇಕು. ತಪ್ಪು ಜಾಗದಲ್ಲಿ ಸೂಜಿ ಹಾಕಿದ್ದರಿಂದ ಕಾಲು ಉಳಿಸುವುದು ಕಷ್ಟವಾದದ್ದನ್ನು ನಾನು ನೋಡಿದ್ದೇನೆ. ಇದನ್ನು ಹೇಳುವಾಗಲೂ ಸಂಕಟವಾಗುತ್ತದೆ.

ಪ್ಯಾಥಾಲಜಿ ಪಿಜಿ, ದಾವಣಗೆರೆ
ರಾತ್ರಿ 11:30

ನಿನ್ನೆ ಹೇಳಿದ ಜಿ34ಡಬ್ಲ್ಯೂ ಬಗ್ಗೆ. ಡಿಎನ್ಎ ಉದ್ದನೆಯ ದಾರ. ಅದು ಸಿಕ್ಕಾಗದ ಹಾಗೆ ಹಿಸ್ಟೋನ್ ಅನ್ನೋ ಪ್ರೋಟೀನ್ ಉಂಡೆಗಳ ಮೇಲೆ ಸುತ್ತಿಕೊಂಡಿರುತ್ತದೆ. ಎಚ್3.3 ಅಂತ ಒಂದು ಹಿಸ್ಟೋನ್. ಅದರ 34ನೇ ಜಾಗದಲ್ಲಿ ಗ್ಲೈಸಿನ್ ಅನ್ನೋ ಅಮೈನೋ ಆಮ್ಲ ಇರಬೇಕು. ಜೈಂಟ್ ಸೆಲ್ ಟ್ಯೂಮರಿನ ಹತ್ತರಲ್ಲಿ ಒಂಬತ್ತರಲ್ಲಿ ಅಲ್ಲಿ ಟ್ರಿಪ್ಟೋಫಾನ್ ಬಂದು ಕೂತಿರುತ್ತದೆ. ಇದು ಗೊತ್ತಾದದ್ದು 2013ರಲ್ಲಿ. ಆ ಬದಲಾದ ಪ್ರೋಟೀನಿಗೆ ಮಾತ್ರ ಅಂಟುವ ಆ್ಯಂಟಿಬಾಡಿ ಆಮೇಲೆ ಬಂತು. ಸರಿಯಾದ ಪ್ರೋಟೀನನ್ನು ಅದು ಮುಟ್ಟಲ್ಲ.

ಅದೇ ಸಂಶೋಧನೆಯಲ್ಲಿ ಕಾಂಡ್ರೋಬ್ಲಾಸ್ಟೋಮಾದ ಗುಟ್ಟೂ ಸಿಕ್ಕಿತು. ಹದಿವಯಸ್ಸಿನವರ ಎಲುಬಿನ ತುದಿಯಲ್ಲಿ ಬರುವ ಗಡ್ಡೆ ಅದು. ಅದರಲ್ಲಿ ಬದಲಾಗುವುದು 36ನೇ ಜಾಗ, ಕೆ36ಎಂ. ಮೊದಲು ಇವೆರಡನ್ನೂ ಚಿಕ್ಕ ಚೂರಿನಲ್ಲಿ ಬೇರೆ ಮಾಡಲು ತಲೆಕೆಡಿಸಿಕೊಳ್ಳಬೇಕಿತ್ತು. ಈಗ ಎರಡು ಸ್ಲೈಡು ಸಾಕು.

ನಾನು ಮೊದಲ ಸಲ ಜಿ34ಡಬ್ಲ್ಯೂ ಸ್ಲೈಡ್ ನೋಡಿದ ದಿನ ಮರೆತಿಲ್ಲ. ದೈತ್ಯ ಕೋಶಗಳೇ ಗಡ್ಡೆ ಅಂದುಕೊಂಡಿದ್ದೆ. ನೋಡಿದರೆ ಐವತ್ತು ನ್ಯೂಕ್ಲಿಯಸ್ ಇರುವ ಆ ದೊಡ್ಡ ಕೋಶಗಳೆಲ್ಲ ನೀಲಿ. ಅವುಗಳ ಸಂದಿಯಲ್ಲಿ ಕೂತ, ಯಾರೂ ಗಮನಿಸದ ಸಣ್ಣ ಕೋಶಗಳು ಕಾಫಿ ಕಂದು. ಗಡ್ಡೆ ಅಂದರೆ ಆ ಸಣ್ಣವೇ. ದೊಡ್ಡವನ್ನು ಅವು ಕರೆಸಿಕೊಂಡಿರುತ್ತವೆ, ಎಲುಬು ತಿನ್ನಿಸಲು.

ಮೊಳಕಾಲ್ಮೂರು ಮಗ್ಗ
ರಾತ್ರಿ 11:52

ಡಾಕ್ಟರಮ್ಮ, ನಮ್ಮ ಭಾಷೆಯಲ್ಲಿ ಹೇಳಿದರೆ ಹಿಸ್ಟೋನ್ ಅಂದರೆ ಕಂಡಿಕೆ. ರೇಷ್ಮೆ ಎಳೆ ಸುತ್ತುವುದು ಅದರ ಮೇಲೆ. ಕಂಡಿಕೆಯಲ್ಲಿ ಒಂದು ಸಣ್ಣ ಸಿಬಿರು ಎದ್ದಿದ್ದರೂ ಎಳೆ ಬಿಚ್ಚುವಾಗ ಹಿಡಿಯುತ್ತದೆ, ಸೀರೆಯಲ್ಲಿ ತಪ್ಪು ಬೀಳುತ್ತದೆ. ಸರಿ ಅಲ್ವಾ?

ಪ್ಯಾಥಾಲಜಿ ಪಿಜಿ, ದಾವಣಗೆರೆ
ರಾತ್ರಿ 11:58

ನೂರಕ್ಕೆ ನೂರು ಸರಿ. ನಾಳೆ ಕ್ಲಾಸಿನಲ್ಲಿ ಹೀಗೇ ಹೇಳುತ್ತೇನೆ.

ಹೊಸದುರ್ಗದ ಅಪ್ಪ
ಬುಧವಾರ, ಬೆಳಗ್ಗೆ 8:10

ಬಯಾಪ್ಸಿ ಎಲ್ಲ ಯಾಕೆ, ರಕ್ತದಲ್ಲೇ ಟ್ಯೂಮರ್ ಮಾರ್ಕರ್ ಪ್ಯಾಕೇಜ್ ಇದೆಯಲ್ಲ? ನನ್ನ ಮಗನಿಗೆ 13, ಕಾಲು ನೋವು ಅಂತಾನೆ. ಪ್ಯಾಕೇಜ್ ಮಾಡಿಸಿದೆ. ಎಲ್ಲ ನಾರ್ಮಲ್, ಆಲ್ಕಲೈನ್ ಫಾಸ್ಫಟೇಸ್ ಮಾತ್ರ ಜಾಸ್ತಿ ಅಂತ ಕೆಂಪು ಅಕ್ಷರದಲ್ಲಿ ಬಂದಿದೆ. ಎರಡು ದಿನದಿಂದ ನಿದ್ದೆ ಇಲ್ಲ.

ಎಲುಬು ಡಾಕ್ಟರ್
ಬೆಳಗ್ಗೆ 8:45

13 ವರ್ಷದ ಹುಡುಗ ಬೆಳೆಯುತ್ತಿದ್ದಾನೆ. ಬೆಳೆಯುವ ಎಲುಬಿನಿಂದ ಆಲ್ಕಲೈನ್ ಫಾಸ್ಫಟೇಸ್ ದೊಡ್ಡವರಿಗಿಂತ ಬಹಳ ಜಾಸ್ತಿ ಬರುವುದು ಸಹಜ. ಕೆಂಪು ಅಕ್ಷರ ದೊಡ್ಡವರ ಲೆಕ್ಕಕ್ಕೆ ಹಾಕಿದ್ದಿರಬಹುದು. ವಯಸ್ಸಿಗೆ ತಕ್ಕ ಲೆಕ್ಕ ನೋಡಿ. ಆಸ್ಟಿಯೋಸಾರ್ಕೋಮಾ ಅಂತ ಗೊತ್ತಾದ ಮೇಲೆ ಈ ಪರೀಕ್ಷೆ, ಎಲ್‌ಡಿಎಚ್ ಎರಡೂ ರೋಗದ ಜೋರು ಅಂದಾಜು ಮಾಡಲು ಕೆಲಸಕ್ಕೆ ಬರುತ್ತವೆ. ರೋಗ ಇದೆಯೋ ಇಲ್ಲವೋ ಹೇಳಲು ಅಲ್ಲ. ಪ್ಯಾಕೇಜಿನಲ್ಲಿರುವ ಸಿಇಎ, ಸಿಎ-125, ಪಿಎಸ್‌ಎ ಯಾವುದೂ ಎಲುಬಿನಲ್ಲಿ ಹುಟ್ಟುವ ಗಡ್ಡೆ ಹಿಡಿಯಲ್ಲ.

ಆದರೆ ಮಗನ ನೋವನ್ನು ಬಿಡಬೇಡಿ. ಒಂದೇ ಕಾಲು, ಒಂದೇ ಜಾಗ, ರಾತ್ರಿ ಜಾಸ್ತಿ, ಎರಡು ಮೂರು ವಾರ ಆದರೂ ಹೋಗಿಲ್ಲ, ಊತ ಇದೆ ಅಂದರೆ ಒಂದು ಎಕ್ಸ್‌ರೇ ತೆಗೆಸಿ. ಇಂಥ ನೋವಿಗೆ ಆ ಪ್ಯಾಕೇಜಿಗಿಂತ ಒಂದು ಮಾಮೂಲಿ ಎಕ್ಸ್‌ರೇ ಸಾವಿರ ಪಾಲು ಮೇಲು.

ಹೊಸದುರ್ಗದ ಅಪ್ಪ
ಸಂಜೆ 6:20

ಎಕ್ಸ್‌ರೇ ಆಯಿತು ಸರ್. ಏನೂ ಇಲ್ಲ ಅಂದರು. ಕಾಲು ಕೈಯಲ್ಲಿ ಹಿಡಿದು ನೋವು ಎಲ್ಲಿ ತೋರಿಸು ಅಂದರೆ ಎರಡೂ ಮೀನಖಂಡ ತೋರಿಸಿದ. ನಿಮಗೆ ತುಂಬಾ ಋಣಿ.

ದೊಡ್ಡಬೋರು
ಸಂಜೆ 7:02

ಜಗಳೂರು, ಚಿತ್ರದುರ್ಗ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನಮ್ಮ ಹಿರಿಯರ ಬೆನ್ನು ಬಗ್ಗಿದ್ದು ಅದರಿಂದಲೇ. ಈ ಗಡ್ಡೆಗೂ ಅದೇ ಕಾರಣನಾ?

ಎಲುಬು ಡಾಕ್ಟರ್
ಸಂಜೆ 7:40

ಫ್ಲೋರೈಡಿನ ತೊಂದರೆ ನಿಜ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಎಲುಬು ಎರಡಕ್ಕೂ ಹಾನಿ. ಆದರೆ ಅದರ ಎಕ್ಸ್‌ರೇಯೇ ಬೇರೆ. ಬೆನ್ನು, ಸೊಂಟ ಎಲ್ಲಾ ಕಡೆ ಎಲುಬು ಸುಣ್ಣ ಬಳಿದ ಹಾಗೆ ಬೆಳ್ಳಗೆ ದಪ್ಪಗೆ ಕಾಣುತ್ತದೆ. ಗಡ್ಡೆ ಒಂದು ಜಾಗದಲ್ಲಿ ಕೂತಿರುತ್ತದೆ. ಫ್ಲೋರೈಡ್ ನೀರಿನಿಂದ ಎಲುಬಿನ ಕ್ಯಾನ್ಸರ್ ಬರುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಶುದ್ಧ ನೀರಿಗೆ ಹೋರಾಡಲು ಬೆನ್ನು ಬಗ್ಗಿದ ಹಿರಿಯರೇ ಸಾಕಷ್ಟು ಕಾರಣ.

ಬಯಾಲಜಿ ಮೇಷ್ಟ್ರು, ಹೊಳಲ್ಕೆರೆ
ರಾತ್ರಿ 8:30

ಈ ಹೆಸರುಗಳ ಹಿಂದೆ ಚೆಂದದ ಕತೆಗಳಿವೆ. ಎಸ್100 ಸಿಕ್ಕಿದ್ದು 1965ರಲ್ಲಿ, ದನದ ಮಿದುಳಿನಲ್ಲಿ. ಅಮೋನಿಯಂ ಸಲ್ಫೇಟಿನ ನೂರಕ್ಕೆ ನೂರು ಸ್ಯಾಚುರೇಟೆಡ್ ದ್ರಾವಣದಲ್ಲೂ ಕರಗಿ ಉಳಿಯುತ್ತದೆ. ಅದಕ್ಕೆ ಆ ಹೆಸರು. ಮಿದುಳಿನಲ್ಲಿ ಸಿಕ್ಕಿದ್ದು ಮೃದ್ವಸ್ಥಿಯಲ್ಲೂ ಇದೆ ಅಂತ ಆಮೇಲೆ ಗೊತ್ತಾಯಿತು.

ಬ್ರಾಕ್ಯೂರಿ ಅಂತ ಇನ್ನೊಂದು ಮಾರ್ಕರ್ ಇದೆ. ಹಾಗಂದರೆ ಗ್ರೀಕಿನಲ್ಲಿ ಗಿಡ್ಡ ಬಾಲ. 1927ರಲ್ಲಿ ದೊಬ್ರೊವೊಲ್‌ಸ್ಕಾಯಾ-ಜವಾದ್‌ಸ್ಕಾಯಾ ಅನ್ನುವ ವಿಜ್ಞಾನಿ ಗಿಡ್ಡ ಬಾಲದ ಇಲಿಗಳ ಬಗ್ಗೆ ಬರೆದರು. ಭ್ರೂಣದಲ್ಲಿ ಬೆನ್ನುಹುರಿಗೆ ಮೊದಲು ಒಂದು ಮೆತ್ತಗಿನ ದಂಡ ಇರುತ್ತದೆ, ನೋಟೋಕಾರ್ಡ್. ಅದು ಬೆಳೆಯಲು ಬೇಕಾದ ಪ್ರೋಟೀನ್ ಇದು. ಇಲಿಯ ಬಾಲಕ್ಕೂ ನಮ್ಮ ಆಸ್ಪತ್ರೆಗೂ ಏನು ಸಂಬಂಧ ಅಂತ ಮಕ್ಕಳು ಕೇಳುತ್ತಾರೆ. ಡಾಕ್ಟರೇ ಹೇಳಲಿ.

ಪ್ಯಾಥಾಲಜಿ ಪಿಜಿ, ದಾವಣಗೆರೆ
ರಾತ್ರಿ 9:15

ಸಂಬಂಧ ಇದೆ ಸರ್. ನೋಟೋಕಾರ್ಡಿನ ಅಳಿದುಳಿದ ಕೋಶದಿಂದ ಕಾರ್ಡೋಮಾ ಅನ್ನೋ ಗಡ್ಡೆ ಬರುತ್ತದೆ. ತಲೆಬುರುಡೆಯ ತಳದಲ್ಲಿ ಅಥವಾ ಬೆನ್ನಿನ ಕೊನೆಯಲ್ಲಿ, ತ್ರಿಕಾಸ್ಥಿಯ ಹತ್ತಿರ. ಸ್ಲೈಡಿನಲ್ಲಿ ಕಾಂಡ್ರೋಸಾರ್ಕೋಮಾ ತರವೇ ಕಾಣುವುದುಂಟು, ಎರಡರಲ್ಲೂ ಎಸ್100 ಬರಬಹುದು. ಆದರೆ ಬ್ರಾಕ್ಯೂರಿ ಕಾರ್ಡೋಮಾದಲ್ಲಿ ಬರುತ್ತದೆ, ಕಾಂಡ್ರೋಸಾರ್ಕೋಮಾದಲ್ಲಿ ಬರಲ್ಲ. ಮಕ್ಕಳಿಗೆ ಹೇಳಿ, ಆ ಇಲಿಯ ಬಾಲದಿಂದ ಇವತ್ತು ಚಿಕಿತ್ಸೆಯ ದಾರಿ ಬದಲಾಗುತ್ತದೆ ಅಂತ.

ಇನ್ನೆರಡು ಬರೆದುಬಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ಎಂಡಿಎಂ2, ಸಿಡಿಕೆ4 ಅನ್ನೋ ಮಾರ್ಕರ್ ಜೋಡಿ ನಿಧಾನವಾಗಿ ಬೆಳೆಯುವ ಆಸ್ಟಿಯೋಸಾರ್ಕೋಮಾದಲ್ಲಿ ಬರುತ್ತದೆ. ಅದು ಫೈಬ್ರಸ್ ಡಿಸ್ಪ್ಲೇಸಿಯಾ ತರ ವೇಷ ಹಾಕಿ ಮೋಸ ಮಾಡುತ್ತದೆ, ಆಗ ಈ ಜೋಡಿ ಕೈ ಹಿಡಿಯುತ್ತದೆ. ಮಕ್ಕಳಲ್ಲಿ ಜ್ವರ, ಊತ ಅಂತ ಬಂದು ಎಲುಬಿನ ಕೀವು ಅಂದುಕೊಳ್ಳುವ ಯೂವಿಂಗ್ ಸಾರ್ಕೋಮಾ ಅನ್ನೋ ಕ್ಯಾನ್ಸರಿಗೆ ಸಿಡಿ99, ಎನ್‌ಕೆಎಕ್ಸ್2.2 ಅನ್ನೋ ಮಾರ್ಕರ್‌ಗಳು. ಸಿಡಿ99 ಒಂದನ್ನೇ ನಂಬಬಾರದು. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲೂ ಅದು ಬರುತ್ತದೆ.

ಜಗಳೂರಿನ ಅಕ್ಕ
ಗುರುವಾರ, ಸಂಜೆ 5:30

ಡಾಕ್ಟರನ್ನು ಕಂಡು ಬಂದೆವು. ನೀವು ಹೇಳಿದ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದೆ. ಅವರೂ ಜೈಂಟ್ ಸೆಲ್ ಟ್ಯೂಮರ್ ಅಂತಲೇ ಯೋಚಿಸುತ್ತಿದ್ದಾರೆ. ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ನಾರ್ಮಲ್ ಬಂದಿದೆ. ಮೆತ್ತಗಿನ ಬ್ಲಾಕ್ ಬೇರೆ ಇದೆ, ಅದಕ್ಕೆ ಆಸಿಡ್ ಹಾಕಿಲ್ಲ ಅಂದರು. ಜಿ34ಡಬ್ಲ್ಯೂಗೆ ಬ್ಲಾಕನ್ನು ಬೆಂಗಳೂರಿಗೆ ಒಯ್ಯಬೇಕಂತೆ. ನಾಳೆ ಬಸ್ಸಿಗೆ ನಾನೇ ಹೊರಟಿದ್ದೇನೆ. ಒಂದು ಚಿಕ್ಕ ಕವರಿನಲ್ಲಿ ಕೊಟ್ಟಿದ್ದಾರೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ನನ್ನ ತಮ್ಮನ ಹಣೆಬರಹ ಇಷ್ಟರಲ್ಲಿ ಇದೆಯಾ ಅನ್ನಿಸಿತು.

ಲ್ಯಾಬ್ ಮಾವ, ಚಿತ್ರದುರ್ಗ
ಸಂಜೆ 5:50

ತಂಗಿ, ಅದು ಮೇಣ. 56ರಿಂದ 60 ಡಿಗ್ರಿಗೆ ಕರಗುತ್ತದೆ. ಬಸ್ಸಿನ ಡ್ಯಾಶ್‌ಬೋರ್ಡ್ ಮೇಲೆ, ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡ. ಹತ್ತಿಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿ ಹಾಕು. ಐಸ್ ಬೇಡ. ಬ್ಲಾಕಿನ ಮೇಲಿನ ನಂಬರೂ ರಿಪೋರ್ಟಿನ ನಂಬರೂ ಒಂದೇ ಇದೆಯಾ ಹೊರಡುವ ಮೊದಲು ನೋಡು. ಎಕ್ಸ್‌ರೇ ಮರೆಯಬೇಡ. ಎಕ್ಸ್‌ರೇ ಇಲ್ಲದೆ ಎಲುಬಿನ ಸ್ಲೈಡ್ ನೋಡುವುದು ಕಣ್ಣು ಕಟ್ಟಿಕೊಂಡು ನೋಡಿದ ಹಾಗೆ.

ಹರಿಹರದ ಹಳೇ ಪೇಷಂಟ್
ರಾತ್ರಿ 9:20

ನನಗೂ ಜೈಂಟ್ ಸೆಲ್ ಟ್ಯೂಮರ್ ಆಗಿತ್ತು, ಮೊಣಕಾಲ ಕೆಳಗಿನ ಎಲುಬಿನಲ್ಲಿ. ಆಪರೇಷನ್‌ಗೆ ಮುಂಚೆ ಡೆನೋಸುಮಾಬ್ ಇಂಜೆಕ್ಷನ್ ಕೊಟ್ಟರು. ಆಮೇಲೆ ತೆಗೆದ ಚೂರಿನಲ್ಲಿ ದೈತ್ಯ ಕೋಶ ಒಂದೂ ಇರಲಿಲ್ಲ, ಹೊಸ ಎಲುಬು ತುಂಬಿತ್ತು. ಬೇರೆ ಕಡೆ ಸ್ಲೈಡ್ ತೋರಿಸಿದಾಗ, ಇಂಜೆಕ್ಷನ್ ವಿಷಯ ಹೇಳದೇ ಇದ್ದದ್ದರಿಂದ, ಇದು ಆಸ್ಟಿಯೋಸಾರ್ಕೋಮಾ ಇರಬಹುದಾ ಅಂತ ಅನುಮಾನ ಬರೆದರು. ಹದಿನೈದು ದಿನ ಮನೆಯಲ್ಲಿ ಒಲೆ ಸರಿಯಾಗಿ ಉರಿಯಲಿಲ್ಲ. ಕೊನೆಗೆ ಜಿ34ಡಬ್ಲ್ಯೂ ಹಾಕಿದಾಗ ಸಣ್ಣ ಕೋಶಗಳಲ್ಲಿ ಕಂದು ಬಣ್ಣ ಹಾಗೇ ಇತ್ತು. ಹಳೇ ಗಡ್ಡೆಯೇ, ಔಷಧಿಗೆ ರೂಪ ಬದಲಿಸಿದೆ ಅಂತ ಗೊತ್ತಾಯಿತು. ಅಕ್ಕ, ಯಾವ ಇಂಜೆಕ್ಷನ್ ಕೊಟ್ಟರೂ ಬರೆದಿಟ್ಟುಕೊಳ್ಳಿ. ಸ್ಲೈಡ್ ನೋಡುವವರಿಗೆ ಅದನ್ನು ಹೇಳಲೇಬೇಕು. ಈಗ ನಾನು ದಿನಾ ಹೊಳೆ ದಂಡೆಯಲ್ಲಿ ವಾಕ್ ಮಾಡುತ್ತೇನೆ.

ಜಗಳೂರಿನ ಅಕ್ಕ
ಮೂರು ವಾರದ ನಂತರ, ಮಧ್ಯಾಹ್ನ 2:15

ಜಿ34ಡಬ್ಲ್ಯೂ ಪಾಸಿಟಿವ್. ಮಾಮೂಲಿ ಸ್ಲೈಡಿನಲ್ಲೂ ಕೆಟ್ಟ ರೂಪದ ಕೋಶ ಇಲ್ಲ, ಜೈಂಟ್ ಸೆಲ್ ಟ್ಯೂಮರ್ ಅಂತ ಬರೆದು ಕೊಟ್ಟಿದ್ದಾರೆ. ಈ ಸಲ ಪಾಸಿಟಿವ್ ಅನ್ನೋ ಪದ ಓದಿ ನಾನೂ ಅಮ್ಮನೂ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆವು.

ಪ್ಯಾಥಾಲಜಿ ಪಿಜಿ, ದಾವಣಗೆರೆ
ಮಧ್ಯಾಹ್ನ 2:31

ಅಕ್ಕ, ಡಿಪಾರ್ಟ್‌ಮೆಂಟಿನಲ್ಲಿ ಕೂತು ಓದಿ ನನಗೂ ಕಣ್ಣು ತುಂಬಿತು. ಮಾಮೂಲಿ ಸ್ಲೈಡ್ ನೋಡಿ ಬರೆದದ್ದು ಬಹಳ ಒಳ್ಳೇದಾಯಿತು. ಅಪರೂಪಕ್ಕೆ ಜೈಂಟ್ ಸೆಲ್ ಟ್ಯೂಮರೇ ಕೆಟ್ಟದ್ದಾಗಿ ತಿರುಗಿದಾಗಲೂ ಜಿ34ಡಬ್ಲ್ಯೂ ಪಾಸಿಟಿವ್ ಬರಬಹುದು. ಅದಕ್ಕೆ ಎರಡೂ ಒಟ್ಟಿಗೆ ಬೇಕು.

ಜಗಳೂರಿನ ಅಕ್ಕ
ಎರಡು ತಿಂಗಳ ನಂತರ, ಬೆಳಗ್ಗೆ 11:00

ಆಪರೇಷನ್ ಆಯಿತು. ಗಡ್ಡೆ ಕೆರೆದು ತೆಗೆದು ಒಳಗೆ ಸಿಮೆಂಟ್ ತುಂಬಿದ್ದಾರೆ. ಮತ್ತೆ ಬರುವ ಸಾಧ್ಯತೆ ಇದೆ, ತಪ್ಪದೆ ಬರಬೇಕು ಅಂದಿದ್ದಾರೆ. ಪ್ರತಿ ಸಲವೂ ಕಾಲಿನ ಜೊತೆ ಎದೆಯ ಎಕ್ಸ್‌ರೇನೂ ತೆಗೆಯುತ್ತಾರಂತೆ. ಕೆಲವರಿಗೆ ಶ್ವಾಸಕೋಶದಲ್ಲೂ ಕಾಣಿಸಿಕೊಳ್ಳುತ್ತದಂತೆ. ಬ್ಲಾಕ್ ವಾಪಸ್ ಕೊಟ್ಟರು. ಅಮ್ಮ ಅದನ್ನು ಟ್ರಂಕಿನಲ್ಲಿ ತನ್ನ ಧಾರೆ ಸೀರೆ ಮಡಿಕೆಯಲ್ಲಿ ಇಟ್ಟಿದ್ದಾರೆ. ಮಾವ, ಅಲ್ಲಿ ಇಡಬಹುದಾ?

ಲ್ಯಾಬ್ ಮಾವ, ಚಿತ್ರದುರ್ಗ
ಬೆಳಗ್ಗೆ 11:20

ಇಡಬಹುದು, ತಂಪಾಗಿ ಇದ್ದರೆ ಸಾಕು. ಟ್ರಂಕನ್ನು ಬಿಸಿಲಿಗೆ ಇಡುವ ದಿನ ಮಾತ್ರ ಅದನ್ನು ಹೊರಗೆ ತೆಗೆಯಲು ಹೇಳು.

ಚಳ್ಳಕೆರೆ ಮಗ
ಬೆಳಗ್ಗೆ 11:46

ಅಕ್ಕ, ತುಂಬಾ ಸಂತೋಷ. ನಮ್ಮ ತಾಯಿಯದೂ ತೀರ್ಮಾನವಾಯಿತು. ಎಂಆರ್‌ಐ, ಸ್ಲೈಡ್, ಎಕ್ಸ್‌ರೇ ಮೂರನ್ನೂ ಒಟ್ಟಿಗೆ ಇಟ್ಟು ಕೂತು ಚರ್ಚೆ ಮಾಡಿ ಕಾಂಡ್ರೋಸಾರ್ಕೋಮಾ ಅಂದರು. ಬೇರೆ ಮಾರ್ಕರ್ ಏನೂ ಹಾಕಿಸಲಿಲ್ಲ. ಬೇರೆಲ್ಲೂ ಹರಡಿಲ್ಲ. ಬರುವ ಸೋಮವಾರ ಆಪರೇಷನ್. ಭಾನುವಾರ ರಾತ್ರಿ ಬಸ್ಸಿಗೆ ರಕ್ತ ಕೊಡಲು ಊರಿನ ನಾಲ್ಕು ಜನ ನಮ್ಮ ಜೊತೆ ಹೊರಟಿದ್ದಾರೆ.